ಊಟ ಮಾಡಿ ಬರುವಷ್ಟರಲ್ಲಿ ಕಂಪ್ಯೂಟರ್ ನನ್ನ ಕೆಲಸ ಮರೆತಿರುತ್ತದೆ

ಬದಿಯಡ್ಕದ ಡಿಟಿಪಿ ಅಕ್ಕ:

ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಉಂಟು. ಇರುವುದು ಒಂದೇ ಕಂಪ್ಯೂಟರ್. ವಿಂಡೋಸ್ 10, 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್.

ಬೆಳಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆವರೆಗೆ ಬರೀ ಬ್ರೌಸರ್ ಮತ್ತು ಸ್ಕ್ಯಾನರ್. ಮಲಯಾಳದ ಅರ್ಜಿಗಳು, ಕರೆಂಟ್ ಬಿಲ್ಲು, ಮಕ್ಕಳ ಸ್ಕಾಲರ್‌ಶಿಪ್. ಪೆರ್ಲ, ಮುಳ್ಳೇರಿಯದಿಂದ ಬಂದವರಿಗೆ ವಾಪಸ್ ಬಸ್ಸು ಹಿಡಿಯಬೇಕು. ಹಾಗಾಗಿ ತೆರೆದ ಟ್ಯಾಬ್ ಮುಚ್ಚುವುದಕ್ಕೂ ನನಗೆ ಪುರುಸೊತ್ತಿಲ್ಲ. ಎರಡು ಗಂಟೆಯ ಮೇಲೆ ಡಿಸೈನ್ ಕೆಲಸ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಮೇ ಕೊನೆಗೆ ಆಟದ ತಿರುಗಾಟ ಮುಗಿಯುವ ಪತ್ತನಾಜೆವರೆಗೆ ಬಯಲಾಟದ ಹ್ಯಾಂಡ್‌ಬಿಲ್ಲು. ಆರು ವರ್ಷದಿಂದ ಇದೇ ಕ್ರಮ. ಭಾನುವಾರ ರಜೆ.

ಊಟ ಮುಗಿಸಿ ಬಂದು ಡಿಸೈನ್ ಫೈಲ್ ಮೇಲೆ ಕ್ಲಿಕ್ ಮಾಡಿದರೆ ಹತ್ತು ನಿಮಿಷ ಕಂಪ್ಯೂಟರ್ ಕದಲುವುದಿಲ್ಲ. ಬೆಳಗ್ಗೆಯೇ ತೆರೆದಿಟ್ಟಿದ್ದರೂ ಅಷ್ಟೇ. ಡಿಸ್ಕಿನ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಕಳೆದ ವಾರ ಒಬ್ಬ ತಾಯಿ ಮಗಳ ಮದುವೆ ಕಾಗದದ ಪ್ರೂಫ್ ನೋಡಲು ಬಂದಿದ್ದರು. ಕಾದು ಕಾದು, ಬಸ್ಸು ತಪ್ಪುತ್ತದೆ ಅಂತ ನೋಡದೆಯೇ ಹೋದರು. ಅದರಲ್ಲಿ ಮುಹೂರ್ತದ ಸಮಯವೇ ತಪ್ಪಿತ್ತು. ಪ್ರಿಂಟಿಗೆ ಹೋಗುವ ಮುಂಚೆ ನನ್ನ ಕಣ್ಣಿಗೆ ಬಿತ್ತು, ಪುಣ್ಯ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರಿಪೇರಿಯವರು ವಿಂಡೋಸ್ ಒಳಗೆ ತನ್ನಷ್ಟಕ್ಕೆ ಓಡುವ 'ಸಿಸ್‌ಮೇನ್' ಅನ್ನುವ ಸರ್ವಿಸ್ ನಿಲ್ಲಿಸಿ ಕೊಟ್ಟರು. ಬೆಳಗ್ಗೆ ಸ್ವಲ್ಪ ಹಗುರ ಅನಿಸಿತು. ಮಧ್ಯಾಹ್ನ ಮೊದಲಿಗಿಂತ ಜಾಸ್ತಿ ತೊಂದರೆ. ಅಂಗಡಿಗೆ ಸಹಾಯಕ್ಕೆ ಬರುವ ಹುಡುಗಿಗೆ ಒಂದೇ ವಾರದಲ್ಲಿ ನನ್ನ ಕ್ರಮ ಗೊತ್ತಾಯಿತು. ಎರಡು ಗಂಟೆಗೆ ಎಂತ ಬೇಕೋ ಅದನ್ನು ಮೊದಲೇ ಮೇಜಿನ ಮೇಲೆ ಇಟ್ಟಿರುತ್ತಾಳೆ. ಕಂಪ್ಯೂಟರ್‌ಗೆ ಹಾಗೆ ಕಲಿಸಲು ಆಗುವುದಿಲ್ವಾ?

ಕುಂಬಳೆಯವ:

ಅಕ್ಕ, ಅದು ಕಲಿಯುತ್ತದೆ. ಹಾಗೆ ಕಲಿಯುವ ಸರ್ವಿಸ್‌ನ ಹೆಸರೇ ಸಿಸ್‌ಮೇನ್. ಮೊದಲು ಅದನ್ನು ಸೂಪರ್‌ಫೆಚ್ ಅನ್ನುತ್ತಿದ್ದರು, 2007ರಲ್ಲಿ ವಿಂಡೋಸ್ ವಿಸ್ತಾ ಜೊತೆ ಬಂತು. ಯಾವ ಹೊತ್ತಿಗೆ ಯಾವ ಪ್ರೋಗ್ರಾಂ ಬೇಕಾಗುತ್ತದೆ, ಕೆಲಸದ ದಿನವೋ ಶನಿವಾರ-ಭಾನುವಾರವೋ, ಇದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ರ‍್ಯಾಮ್‌ನಲ್ಲಿ (ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ನೆನಪು) ಜಾಗ ಇದ್ದಾಗ ಬೇಕಾಗುವುದನ್ನು ಮೊದಲೇ ತಂದಿಡುತ್ತದೆ. ಮಳೆ ಶುರುವಾಗುವ ಮುಂಚೆ ಅಟ್ಟದಿಂದ ಕೊಡೆ ಇಳಿಸಿಡುತ್ತೇವಲ್ಲ, ಹಾಗೆ.

ಯಾಕೆ ಮರೆಯುತ್ತದೆ ಅಂದರೆ, ರ‍್ಯಾಮ್‌ನ ಲೆಕ್ಕ ಇಡುವುದು 4 ಕೆಬಿಯ ಸಣ್ಣ ತುಂಡುಗಳಲ್ಲಿ, ಅದಕ್ಕೆ ಪುಟ ಅನ್ನುತ್ತಾರೆ. ನಿಮ್ಮ 4 ಜಿಬಿಯಲ್ಲಿ ಅಂಥ ಪುಟಗಳು 10 ಲಕ್ಷಕ್ಕೂ ಜಾಸ್ತಿ. ಒಂದು ಪುಟವನ್ನು ಮುಟ್ಟಿದಾಗ ಪ್ರೊಸೆಸರ್ ಅದರ ಲೆಕ್ಕದಲ್ಲಿ ಒಂದು ಗುರುತು ಹಾಕುತ್ತದೆ. ಜಾಗ ಸಾಲದೆ ಹೋದಾಗ, ತುಂಬಾ ಹೊತ್ತು ಗುರುತು ಬೀಳದ ಪುಟ ಮೊದಲು ಹೊರಗೆ ಹೋಗುತ್ತದೆ, ಮತ್ತೆ ಬೇಕಾದಾಗ ನಿಧಾನದ ಡಿಸ್ಕಿನಿಂದ ತರಬೇಕು. ಎಲ್ಲಕ್ಕಿಂತ ತಡವಾಗಿ ಬೇಕಾಗುವ ಪುಟವನ್ನು ತೆಗೆಯುವುದೇ ಒಳ್ಳೆಯದು ಅಂತ ಐಬಿಎಂ ಕಂಪೆನಿಯ ಸಂಶೋಧಕ ಬೆಲಾಡಿ 1966ರಲ್ಲೇ ಹೇಳಿದ್ದರು. ಆದರೆ ಮುಂದೆ ಏನು ಬೇಕಾಗುತ್ತದೆ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಹಿಂದೆ ಆದದ್ದನ್ನು ನೋಡಿ ಊಹಿಸಬೇಕು, ಅಷ್ಟೇ. ಬೆಳಗ್ಗೆಯಿಡೀ ನೀವು ಮುಟ್ಟದ ಡಿಸೈನ್ ಪ್ರೋಗ್ರಾಂ ಅದರ ಲೆಕ್ಕದಲ್ಲಿ ಸದ್ಯಕ್ಕೆ ಬೇಡದ್ದು.

ಒಂದು ಪ್ರೋಗ್ರಾಂ ಆಯಾ ಹೊತ್ತಿಗೆ ಮುಟ್ಟುತ್ತಿರುವ ಪುಟಗಳ ಗುಂಪಿಗೆ 'ವರ್ಕಿಂಗ್ ಸೆಟ್' ಅನ್ನುತ್ತಾರೆ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ ಬರೆದದ್ದು. ಎಲ್ಲ ಗುಂಪುಗಳಿಗೆ ಒಟ್ಟಿಗೆ ಜಾಗ ಸಾಲದಿದ್ದರೆ ಕಂಪ್ಯೂಟರ್ ಕೆಲಸ ಬಿಟ್ಟು ಪುಟ ಸಾಗಿಸುವುದರಲ್ಲೇ ಮುಳುಗುತ್ತದೆ. ನಿಮ್ಮ ಹತ್ತು ನಿಮಿಷ ಅಲ್ಲೇ ಹೋಗುತ್ತಿರುವುದು.

ಸಿಸ್‌ಮೇನ್ ಮತ್ತೆ ಶುರು ಮಾಡಿ. ಅದನ್ನು ನಿಲ್ಲಿಸಿದರೆ, ಪುಟಗಳನ್ನು ರ‍್ಯಾಮ್ ಒಳಗೇ ಒತ್ತಿ ಚಿಕ್ಕದು ಮಾಡಿಡುವ ವ್ಯವಸ್ಥೆಯೂ ನಿಲ್ಲುತ್ತದೆ. 4 ಜಿಬಿ ಇರುವವರಿಗೆ ಅದು ದೊಡ್ಡ ನಷ್ಟ. ಇನ್ನೊಂದು ಸಂಶಯ ಉಂಟು. ನೀವು ಊಟಕ್ಕೆ ಹೋದಾಗ ವೈರಸ್ ಸ್ಕ್ಯಾನ್ ಏನಾದರೂ ನಡೆಯುತ್ತಿದೆಯಾ? ರಿಸೋರ್ಸ್ ಮಾನಿಟರ್ ತೆರೆದು, ಮೆಮೊರಿ ಟ್ಯಾಬ್‌ನಲ್ಲಿ 'ಹಾರ್ಡ್ ಫಾಲ್ಟ್ಸ್' (ಡಿಸ್ಕಿನಿಂದ ಪುಟ ತರಬೇಕಾಗಿ ಬಂದ ಲೆಕ್ಕ) ಎಷ್ಟು ಏರುತ್ತದೆ, ಡಿಸ್ಕ್ ಟ್ಯಾಬ್‌ನಲ್ಲಿ ಯಾವ ಪ್ರೋಗ್ರಾಂ ಮೇಲೆ ಉಂಟು ಅಂತ ನೋಡಿ ಹೇಳಿ.

ಉಪ್ಪಳ ಪೇಟೆ:

ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ತುಂಬಾ ವೇಗದ ಎಸ್‌ಎಸ್‌ಡಿ ಹಾಕಿಸಿ ಅಕ್ಕ. ಊಹೆ ತಪ್ಪಿದರೂ ಪುಟ ಬೇಗ ವಾಪಸ್ ಬರುತ್ತದೆ.

ಮಾಷ್ಟ್ರು:

ನಮ್ಮ ಕನ್ನಡ ಮೀಡಿಯಂ ಶಾಲೆಯ ಲ್ಯಾಬ್‌ನಲ್ಲಿ ವಿಂಡೋಸ್ ಬದಲು ಕೈಟ್‌ನ (ಕೇರಳದ ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡುವ ಸರ್ಕಾರಿ ಸಂಸ್ಥೆ) ಲಿನಕ್ಸ್. ಅಲ್ಲಿಯೂ ಇದೇ ಪ್ರಶ್ನೆಗೆ ಬೇರೆ ಉತ್ತರ ಹುಡುಕುತ್ತಿದ್ದಾರೆ. 2022ರ ಕೊನೆಗೆ ಬಂದ ಲಿನಕ್ಸ್ 6.1ರಲ್ಲಿ ಪುಟಗಳನ್ನು ವಯಸ್ಸಿನ ಪ್ರಕಾರ ತಲೆಮಾರುಗಳಾಗಿ ವಿಂಗಡಿಸುವ ವಿಧಾನ ಸೇರಿತು. ಒಂದೇ ಸಲ ಓದಿ ಬಿಟ್ಟ ಫೈಲು, ದಿನವೂ ಬೇಕಾಗುವ ಫೈಲನ್ನು ಸುಮ್ನೆ ಹೊರಗೆ ತಳ್ಳಬಾರದು ಅಲ್ವಾ?

ಆದರೆ ಅಕ್ಕ, ಯಂತ್ರ ಕಲಿಯಲಿ ಅಂತ ಕಾಯಬೇಡಿ. ಊಟಕ್ಕೆ ಏಳುವಾಗ ಬ್ರೌಸರ್ ಪೂರ್ತಿ ಮುಚ್ಚಿ. ನೀವು ಬಿಟ್ಟುಕೊಟ್ಟ ಜಾಗವನ್ನು ಯಾರೂ ಊಹಿಸಬೇಕಾಗಿಲ್ಲ. ಕುಂಬಳೆಯವರು ಹೇಳಿದ್ದು ಸರಿ, ಆದರೆ ಜಾಗವೇ ಇಲ್ಲದಿದ್ದರೆ ಮೊದಲೇ ತಂದು ಎಲ್ಲಿ ಇಡುವುದು?

ಬದಿಯಡ್ಕದ ಡಿಟಿಪಿ ಅಕ್ಕ:

ಎಲ್ಲರಿಗೂ ಉಪಕಾರ. ನೋಡಿದೆ. ದಿನವೂ ಒಂದೂವರೆಗೆ ವೈರಸ್ ಸ್ಕ್ಯಾನ್ ಅಂತ ಇಟ್ಟಿದ್ದರು! ನಾನು ಬರುವಾಗಲೂ ಅದು ಓಡುತ್ತಲೇ ಇತ್ತು. ಈಗ ಸಂಜೆ ಆರೂವರೆಗೆ ಬದಲಾಯಿಸಿದೆ, ನಾನು ಅಂಗಡಿ ಗುಡಿಸಿ ಲೆಕ್ಕ ಬರೆಯುವ ಹೊತ್ತು. ಸಿಸ್‌ಮೇನ್ ಶುರು ಮಾಡಿದೆ. ಮಾಷ್ಟ್ರೇ, ಬ್ರೌಸರ್ ಮುಚ್ಚಿಯೇ ಊಟಕ್ಕೆ ಏಳುತ್ತೇನೆ. ಮೊದಲ ಎರಡು ದಿನ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಒಂದು ವಾರ ಕಳೆದ ಮೇಲೆ ಫೈಲ್ ಒಂದು ನಿಮಿಷದೊಳಗೆ ತೆರೆಯುತ್ತಿದೆ. ಆ ತಾಯಿಗೆ ಫೋನ್ ಮಾಡಿ ಕರೆಸಿದೆ, ನಿಂತಲ್ಲೇ ಪ್ರೂಫ್ ನೋಡಿ ಹೋದರು.

ರ‍್ಯಾಮ್ ಹೆಚ್ಚಿಸುವುದು, ಎಸ್‌ಎಸ್‌ಡಿ ಎಲ್ಲ ಪತ್ತನಾಜೆ ಕಳೆದ ಮೇಲೆ. ಈಗ ಒಂದು ದಿನವೂ ಕಂಪ್ಯೂಟರ್ ಬಿಚ್ಚಿಡಲು ಆಗುವುದಿಲ್ಲ. ಒಂದು ಕೇಳಲಿಕ್ಕುಂಟು. ಸಂಜೆ ಸಿಡಿಲು ಬಂದರೆ ಇಲ್ಲಿ ಕರೆಂಟ್ ಹೋಗುತ್ತದೆ. ಕಲಿತದ್ದೂ ಹೋಗುತ್ತದಾ?

ಕುಂಬಳೆಯವ:

ಇಲ್ಲ ಅಕ್ಕ. ರ‍್ಯಾಮ್‌ನಲ್ಲಿ ಇದ್ದದ್ದು ಹೋಗುತ್ತದೆ, ಕಲಿತದ್ದು ಡಿಸ್ಕಿನಲ್ಲಿ ಉಳಿಯುತ್ತದೆ. ವಿಂಡೋಸ್ ಫೋಲ್ಡರ್ ಒಳಗೆ 'ಪ್ರಿಫೆಚ್' ಅಂತ ಒಂದು ಫೋಲ್ಡರ್ ಉಂಟು, ಅದರಲ್ಲಿ. ಕ್ಲೀನ್ ಮಾಡಿ ಕೊಡುತ್ತೇನೆ ಅಂತ ಯಾರಾದರೂ ಅದನ್ನು ಅಳಿಸಲು ಹೊರಟರೆ ಬಿಡಬೇಡಿ.