ಪದ ಬೇಕು (ತುರ್ತು): ಮೈಗ್ರೇನ್‌ನ ಮೂಗಿನ ಸ್ಪ್ರೇ ಹಾಳೆಗೆ

ಗೆಳೆಯರೇ,

ಸುಮಾಟ್ರಿಪ್ಟಾನ್ ಅನ್ನುವ ಮೂಗಿನ ಔಷಧದ ಬಳಕೆ ಹಾಳೆಯನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

ಸ್ಪ್ರೇಗೆ "ತುಂತುರು" ಅನ್ನಲೇ, "ಸಿಂಪಡಣೆ" ಅನ್ನಲೇ? ಮೈಗ್ರೇನ್‌ಗೆ "ಅರೆತಲೆನೋವು" ಸಾಕೇ? ಇದನ್ನು ತೆಗೆದುಕೊಂಡ ಮೇಲೆ ಕೆಲವರಿಗೆ ಎದೆ, ಗಂಟಲು, ದವಡೆ ಹಿಡಿದ ಹಾಗಾಗುತ್ತದೆ. ಅದು "ಬಿಗಿತ"ವೋ, "ಹಿಡಿತ"ವೋ? ತಲೆಬರಹ "ಅಡ್ಡ ಪರಿಣಾಮಗಳು". ಅದರಲ್ಲಿ ತಕರಾರು ಇರಲಾರದು.

---

> ಅದರಲ್ಲಿ ತಕರಾರು ಇರಲಾರದು

ಇದೆ. "ಅಡ್ಡ" ಕನ್ನಡ, "ಪರಿಣಾಮ" ಸಂಸ್ಕೃತ. ಅಪ್ಪಟ ಅರಿಸಮಾಸ, ಅಂದರೆ ಕನ್ನಡ-ಸಂಸ್ಕೃತ ಪದಗಳನ್ನು ಬೆಸೆದ ಸಮಾಸ. ಇಂಥ ಬೆರಕೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟಂತೆ ಅಂತ 9ನೇ ಶತಮಾನದಲ್ಲೇ ಕವಿರಾಜಮಾರ್ಗ ಹೇಳಿದೆ. "ಪಕ್ಕದ ತೊಡಕು" ಅನ್ನಿ. ತಮಿಳಿನಲ್ಲಿ "ಪಕ್ಕ ವಿಳೈವು" ನಡೆಯುತ್ತೆ, ನಮಗೇನು ಬಂತು? ಸ್ಪ್ರೇಗೆ "ತುಂತುರು". ಮುಗಿಯಿತು.

---

"ಪಕ್ಕದ ತೊಡಕು" ಅಂತ ಓದಿದವರು ಪಕ್ಕೆ ಮುಟ್ಟಿ ನೋಡಿಕೊಳ್ಳುತ್ತಾರೆ ಸ್ವಾಮಿ. ಹಿಂದಿನ ಕವಿಗಳು ಬಳಸಿದ ಅರಿಸಮಾಸವನ್ನು ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿಕೊಂಡ. ನೀವು ಅವನಿಗಿಂತ ಬಿಗಿ.

"ತುಂತುರು" ಕೇಳೋಕೆ ಚಂದ, ಎಣಿಸೋಕೆ ಬರಲ್ಲ. ಇಲ್ಲಿ ಎಣಿಕೆಯೇ ಮುಖ್ಯ. 20 ಮಿಲಿಗ್ರಾಂ ಡಬ್ಬಿಯಲ್ಲಿ ಇರುವುದು ಒಂದೇ ಡೋಸ್. ಬರುತ್ತಾ ಅಂತ ಸುಮ್ನೆ ಗಾಳಿಗೆ ಒತ್ತಿ ನೋಡಿದರೆ ಔಷಧ ಖಾಲಿ. "ಒಂದೇ ಹೊಳ್ಳೆಗೆ, ಒಂದೇ ಸಲ ಒತ್ತಿ. ಮೊದಲೇ ಒತ್ತಿ ನೋಡಬೇಡಿ" ಅಂತ ಬರೆಯಿರಿ. ಹೆಸರು "ಸ್ಪ್ರೇ" ಅಂತಲೇ ಇರಲಿ. ತಲೆ ಸಿಡಿಯುತ್ತಾ ಕತ್ತಲೆ ಕೋಣೆಯಲ್ಲಿ ಕೂತವರಿಗೆ ನಿಘಂಟು ತೆರೆಯುವ ತಾಳ್ಮೆ ಇರುತ್ತಾ?

---

> ಹೆಸರು "ಸ್ಪ್ರೇ" ಅಂತಲೇ ಇರಲಿ

ಹೀಗೆ ಒಂದೊಂದನ್ನೇ ಬಿಟ್ಟುಕೊಡಿ. ನಾಳೆ "ನೋಸ್" ಅಂತಲೂ ಬರೆಯಿರಿ.

---

ಜಗಳ ಆಮೇಲೆ ಆಡೋಣ. "ಅರೆತಲೆನೋವು" ಒಳ್ಳೆಯ ಪದ, ಆದರೆ ಅದನ್ನು ಅರೆತಲೆ + ನೋವು ಅಂತ ಬಿಡಿಸಬೇಕು. ಮೈಗ್ರೇನ್‌ನ ಗ್ರೀಕ್ ಮೂಲವೂ ಅರ್ಧ ತಲೆಬುರುಡೆಯೇ. ತೊಂದರೆ ಏನೆಂದರೆ, ಕೆಲವರಿಗೆ ಎರಡೂ ಕಡೆ ನೋಯುತ್ತೆ. ಅವರು ಇದು ತಮಗಲ್ಲ ಅಂದುಕೊಳ್ಳಬಾರದು. ಇನ್ನು ಕೆಲವರು ಅರೆಬರೆ ತಲೆನೋವು ಅಂತ ಓದಿಕೊಂಡು ಸಣ್ಣ ನೋವಿಗೆಲ್ಲ ಸ್ಪ್ರೇ ಹೊಡೆದುಕೊಳ್ಳುತ್ತಾರೆ. ತಿಂಗಳಲ್ಲಿ ಬಳಕೆ 10 ದಿನ ಮುಟ್ಟಿದರೆ ಔಷಧದಿಂದಲೇ ತಲೆನೋವು ಶುರುವಾಗಬಹುದು. ಮೈಗ್ರೇನ್ ಅಂತಲೇ ಹಾಕಿ.

"ಹಿಡಿತ" ಬೇಡ, ಅದು ಹತೋಟಿ ಅನ್ನುವ ಅರ್ಥಕ್ಕೆ ಹೋಗುತ್ತೆ. "ಎದೆ ಬಿಗಿತ" ಸರಿ. ಆದರೆ ಬಾಯಿ ಕಹಿ, ವಾಕರಿಕೆ, ಮಂಪರಿನ ಸಾಲಿನಲ್ಲಿ ಅದನ್ನು ಸೇರಿಸಿ ಕೈತೊಳೆದುಕೊಳ್ಳಬೇಡಿ. ಈ ಔಷಧ ರಕ್ತನಾಳ ಕಿರಿದು ಮಾಡುತ್ತೆ. ಹೃದಯದ ಕಾಯಿಲೆ ಇದ್ದವರು, ಪಾರ್ಶ್ವವಾಯು ಆದವರು, ಹತೋಟಿಗೆ ಬಾರದ ಬಿಪಿ ಇರುವವರು ಬಳಸಲೇಬಾರದು. ಅದನ್ನು "ಮುನ್ನೆಚ್ಚರಿಕೆ" ಅಂತ ಮೆದುವಾಗಿ ಹೇಳದೆ "ಯಾರು ಬಳಸಬಾರದು" ಅಂತ ಬೇರೆ ತಲೆಬರಹ ಕೊಡಿ. ಬಿಗಿತ ಜೋರಾದರೆ ಇನ್ನೊಂದು ಡೋಸ್ ಬೇಡ, ತಕ್ಷಣ ಆಸ್ಪತ್ರೆಗೆ.

---

ಎಲ್ಲರಿಗೂ ನನ್ನಿ. ನನ್ನ ಕರಡಿನಲ್ಲಿದ್ದ "ಮರುಕಳಿಸಿದರೆ" ತೆಗೆದು ಹೀಗೆ ಬರೆದೆ: "ನೋವು ಹೋಗಿ ಮತ್ತೆ ಬಂದರೆ, ಕನಿಷ್ಠ 2 ಗಂಟೆ ಬಿಟ್ಟು ಇನ್ನೊಂದು ಡೋಸ್. 24 ಗಂಟೆಯಲ್ಲಿ 40 ಮಿಲಿಗ್ರಾಂಗಿಂತ ಜಾಸ್ತಿ ಬೇಡ." ಸ್ಪ್ರೇ, ಮೈಗ್ರೇನ್, ಅಡ್ಡ ಪರಿಣಾಮ ಮೂರೂ ಉಳಿದಿವೆ.

---

"ನನ್ನಿ" ಅಂದರೆ ಹಳಗನ್ನಡದಲ್ಲಿ ಸತ್ಯ. ಧನ್ಯವಾದಕ್ಕೆ ಬಳಸುವುದು ತಪ್ಪು. ಬೇರೆ ಎಳೆ ತೆರೆಯುತ್ತಿದ್ದೇನೆ.