ಊರಿನ ಶಾಸನದ ಬಗ್ಗೆ ವಿಕಿಪೀಡಿಯದಲ್ಲಿ ಬರೆಯುವಾಗ ಉಲ್ಲೇಖ ಹೇಗೆ ಕೊಡಬೇಕು?

ಕೆರೆಏರಿ:
ಬೇಲೂರು ತಾಲೂಕಿನ ನಮ್ಮೂರಿನ ಪುಟಕ್ಕೆ ಅಲ್ಲಿನ ಹೊಯ್ಸಳರ ಕಾಲದ ಶಾಸನದ ಬಗ್ಗೆ ಒಂದು ಪ್ಯಾರಾ ಸೇರಿಸಿದ್ದೆ. ಉಲ್ಲೇಖದಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' (ಶಾಸನಗಳನ್ನು ಅಚ್ಚು ಹಾಕಿರುವ ಸಂಪುಟಗಳು) ಎಂದು ಬರೆದಿದ್ದೆ. 'ಉಲ್ಲೇಖ ಸಾಲದು, ಸ್ವಂತ ಸಂಶೋಧನೆ' ಎಂದು ಹೇಳಿ ತೆಗೆದಿದ್ದಾರೆ. ಕಲ್ಲು ಅಲ್ಲೇ ಇದೆ, ಅಕ್ಷರ ಓದಲೂ ಬರುತ್ತದೆ. ಇನ್ನೇನು ಬೇಕು? ಫೋಟೋ ಕೂಡ ಹಾಕಬೇಕೆಂದಿದ್ದೇನೆ.

ಶಾಸನಪ್ರಿಯ:
ಬರೀ ಪುಸ್ತಕದ ಹೆಸರು ಹಿಡಿದು ಯಾರೂ ಶಾಸನ ಹುಡುಕಲಾರರು. ಆ ಹೆಸರಿನಲ್ಲಿ ಎರಡು ಆವೃತ್ತಿಗಳಿವೆ. ಬಿ.ಎಲ್. ರೈಸ್ ಅವರ ಹಳೆಯ ಆವೃತ್ತಿಯಲ್ಲಿ ಹಾಸನ ಜಿಲ್ಲೆಯದು 5ನೇ ಸಂಪುಟ (1902). ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು ತಾಲೂಕು 9ನೇ ಸಂಪುಟದಲ್ಲಿದೆ, ಶಾಸನ ಸಂಖ್ಯೆಗಳೂ ಬದಲಾಗಿವೆ. ಹಾಗಾಗಿ ಆವೃತ್ತಿ, ಸಂಪುಟ, ತಾಲೂಕು, ಶಾಸನ ಸಂಖ್ಯೆ, ಪುಟ ಇಷ್ಟೂ ಬರಲಿ. ಹಳೆಯ ಸಂಪುಟಗಳಲ್ಲಿ ಶಾಸನದ ಕನ್ನಡ ಪಾಠ (ಕಲ್ಲಿನ ಮೇಲಿರುವ ಬರಹ), ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಲ್ಲಿದ್ದು, ಪುಟಸಂಖ್ಯೆ ಪ್ರತಿ ಭಾಗಕ್ಕೂ ಹೊಸದಾಗಿ ಶುರುವಾಗುತ್ತದೆ. ಯಾವ ಭಾಗದ ಪುಟ ಎಂದೂ ಹೇಳಿ.

ನೀವೇ ಕಲ್ಲು ನೋಡಿ ಓದಿದ್ದನ್ನು ಹಾಕುವಂತಿಲ್ಲ, ಓದು ಸರಿಯಿದ್ದರೂ ಅಷ್ಟೇ. ಅಚ್ಚಾದ ಪಾಠ ಬೇಕು. ಈ ಸಂಪುಟಗಳಲ್ಲಿ ಸಿಗದಿದ್ದರೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ನೋಡಿ. ಹಲ್ಮಿಡಿ ಶಾಸನ ಪ್ರಕಟವಾದದ್ದು 1936ರ ವರದಿಯಲ್ಲೇ.

ಅರಳಿಕಟ್ಟೆ_ಓದುಗ:
ತೆಗೆದದ್ದನ್ನು ತಕ್ಷಣ ಮತ್ತೆ ಹಾಕಬೇಡಿ, ಅದು ತಿದ್ದುಪಡಿ ಜಗಳಕ್ಕೆ ತಿರುಗುತ್ತದೆ. ಬರೆದದ್ದೇನೂ ಕಳೆದುಹೋಗಿಲ್ಲ. ಪುಟದ ಇತಿಹಾಸದಲ್ಲಿ ನಿಮ್ಮ ಆವೃತ್ತಿ ತೆರೆದು ಆ ಪ್ಯಾರಾವನ್ನು ನಿಮ್ಮ ಪ್ರಯೋಗಪುಟಕ್ಕೆ (ಕರಡು ಬರೆಯಲು ಇರುವ ಪುಟ) ನಕಲಿಸಿ, ಅಲ್ಲೇ ಉಲ್ಲೇಖ ಸರಿಪಡಿಸಿ. ಆಮೇಲೆ ಊರಿನ ಪುಟದ ಚರ್ಚೆಯಲ್ಲಿ ತೆಗೆದವರ ಹೆಸರು ಹಿಡಿದು ಹೊಸ ಉಲ್ಲೇಖ ತೋರಿಸಿ. ಒಂದು ವಾರ ಕಾದರೆ ನಷ್ಟವಿಲ್ಲ.

ಉಲ್ಲೇಖವನ್ನು ಪ್ಯಾರಾದ ಕೊನೆಯಲ್ಲಿ ಒಂದೇ ಸಲ ಕೊಡುವ ಬದಲು ಇಸವಿ, ರಾಜನ ಹೆಸರು, ದಾನದ ವಿವರ ಇರುವ ಒಂದೊಂದು ವಾಕ್ಯಕ್ಕೂ ಕೊಡಿ. ಕೋಡ್ ಬರೆದು ಸಂಪಾದಿಸುವುದಾದರೆ ಉಲ್ಲೇಖವನ್ನು ಸುತ್ತುವ ರೆಫ್ ಟ್ಯಾಗ್ ಮುಚ್ಚಲು ಮರೆಯಬೇಡಿ. ಮರೆತರೆ ಮುಂದಿನ ವಾಕ್ಯಗಳು ಪುಟದಿಂದ ಮಾಯವಾಗುತ್ತವೆ. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ.

ಕೆರೆಏರಿ:
ಧನ್ಯವಾದ. ಶಾಸನದಲ್ಲಿ ಶಕವರ್ಷ ಇದೆ. ಕ್ರಿ.ಶ. ಹೇಗೆ ಬರೆಯಲಿ?

ಶಾಸನಪ್ರಿಯ:
ಸಾಮಾನ್ಯವಾಗಿ 78 ಕೂಡಿಸುತ್ತಾರೆ. ಬೇಲೂರು ಚೆನ್ನಕೇಶವ ಪ್ರತಿಷ್ಠೆಯಾದ ಶಕ 1039ರ ಚೈತ್ರ ಅಂದರೆ 1117. ಆದರೆ ಪುಷ್ಯ, ಮಾಘ, ಫಾಲ್ಗುಣದ ತಿಥಿಗಳು ಮುಂದಿನ ಜನವರಿ ದಾಟಿರಬಹುದು, ಆಗ 79 ಕೂಡಿಸಬೇಕಾಗುತ್ತದೆ. ಸಂವತ್ಸರದ ಹೆಸರು ಶಕವರ್ಷಕ್ಕೆ ಹೊಂದದ ಶಾಸನಗಳೂ ಇವೆ. ಸಂಪುಟದ ಸಂಪಾದಕರು ಕೊಟ್ಟ ಇಸವಿಯನ್ನೇ ಬಳಸಿ, ಶಕವರ್ಷವನ್ನೂ ಪಕ್ಕದಲ್ಲಿಡಿ.

ಹಕ್ಕುಸ್ವಾಮ್ಯದ ಬಗ್ಗೆ ಒಂದು ಮಾತು. ರೈಸ್ ತೀರಿಕೊಂಡದ್ದು 1927ರಲ್ಲಿ. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಹಕ್ಕು ಇರುವುದರಿಂದ ಅವರ ಅನುವಾದ ಈಗ ಮುಕ್ತ. ಪರಿಷ್ಕೃತ ಆವೃತ್ತಿಯ ಸಾರಾಂಶ ಹಾಗಲ್ಲ, ಅದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ.

ಬೆಳಕು_ನೆರಳು:
ಫೋಟೋ ನೀವೇ ತೆಗೆದದ್ದಾದರೆ ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ವಿಕಿಮೀಡಿಯ ಕಾಮನ್ಸ್‌ಗೆ ಸಿಸಿ ಬೈ-ಎಸ್‌ಎ 4.0 (ಹೆಸರು ಹೇಳಿ ಯಾರೂ ಬಳಸಬಹುದಾದ) ಪರವಾನಗಿಯಲ್ಲಿ ಏರಿಸಿ. ಪತ್ರಿಕೆಯಲ್ಲಿ ಬಂದ ಚಿತ್ರವಾದರೆ ಅಳಿಸಿಹಾಕುತ್ತಾರೆ. ಅಕ್ಷರ ಕಾಣಲೆಂದು ಸುಣ್ಣ, ಚಾಕ್‌ಪುಡಿ ದಯವಿಟ್ಟು ಬಳಿಯಬೇಡಿ, ಕಲ್ಲಿಗೆ ಹಾನಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಸಾಕು. ನೆರಳಿನಲ್ಲಿರುವ ಕಲ್ಲಾದರೆ ಟಾರ್ಚನ್ನು ಒಂದು ಬದಿಯಿಂದ, ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಇಡೀ ಕಲ್ಲಿನದೊಂದು ಚಿತ್ರ ತೆಗೆದು, ಮೇಲಿನಿಂದ ಕೆಳಕ್ಕೆ ಕೆಲವು ಸಾಲುಗಳಂತೆ ಹತ್ತಿರದ ಚಿತ್ರಗಳನ್ನೂ ತೆಗೆಯಿರಿ. ವಿವರಣೆಯಲ್ಲಿ ಅದೇ ಸಂಪುಟ, ಶಾಸನ ಸಂಖ್ಯೆ ಹಾಕಿ.