ಮಗಳ ಅಮೆರಿಕ ಕಾಲೇಜಿನ ಎಸ್ಸೆ: ಬರೆದು ಅನುಭವ ಇರೋರು ಹೇಳ್ತೀರಾ?

ದಾವಣಗೆರೆಯ ತಾಯಿ:
ಮಗಳು ಸೆಕೆಂಡ್ ಪಿಯು, ಪಿಸಿಎಂಸಿ. ಡಿಗ್ರಿಗೆ ಅಮೆರಿಕಕ್ಕೇ ಹೋಗ್ಬೇಕು ಅಂತ ಹಠ. ಕಾಮನ್ ಆ್ಯಪ್‌ನಲ್ಲಿ (ಒಂದೇ ಫಾರಂನಲ್ಲಿ ಅಮೆರಿಕದ ಹಲವು ಕಾಲೇಜಿಗೆ ಅರ್ಜಿ ಹಾಕೋ ವೆಬ್‌ಸೈಟು) ಫಾರಂ ತುಂಬೋದೆಲ್ಲ ಅವಳೇ ಮಾಡ್ಕೊಂಡಿದ್ದಾಳೆ. ನಿಂತಿರೋದು ಎಸ್ಸೆ ಹತ್ರ. 650 ಪದದೊಳಗೆ ತನ್ನ ಬಗ್ಗೆ ಬರೀಬೇಕು. ಮೊದಲ ಕರಡು ಓದಿದೆ. ಕಲಾಂ ಅವರ ಕನಸಿನ ಮಾತಿನಿಂದ ಶುರು, ಆಮೇಲೆ ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’, ಆಮೇಲೆ ಎಸ್ಸೆಸ್ಸೆಲ್ಸಿ ಮಾರ್ಕ್ಸು, ಕೊನೆಗೆ ಓವರ್‌ಹೆಡ್ ಟ್ಯಾಂಕ್ ತುಂಬಿದ್ರೆ ಕೂಗೋ ಅಲಾರಂ ಮಾಡಿ ವಿಜ್ಞಾನ ಮೇಳದಲ್ಲಿ ಎರಡನೇ ಬಹುಮಾನ ತಗೊಂಡಿದ್ದು. ತಪ್ಪು ಅಂತ ಏನೂ ಇಲ್ಲ. ಆದ್ರೆ ಅದರಲ್ಲಿ ನನ್ನ ಮಗಳು ಎಲ್ಲೂ ಕಾಣ್ಲಿಲ್ಲ. ಕನ್ಸಲ್ಟೆಂಟ್ ಒಬ್ಬರು ‘ನಾವೇ ಬರೆದು ಪಾಲಿಶ್ ಮಾಡಿ ಕೊಡ್ತೀವಿ’ ಅಂತ 60 ಸಾವಿರ ಕೇಳಿದ್ರು. ನವೆಂಬರ್ 1ಕ್ಕೆ ಮೊದಲನೇ ಗಡುವು. ಏನು ಮಾಡೋದು?

ತುಮಕೂರು, ಪಿಯು ಇಂಗ್ಲಿಷ್ ಲೆಕ್ಚರರ್:
ಮೇಡಂ, ತಪ್ಪು ನಿಮ್ಮ ಮಗಳದ್ದಲ್ಲ, ನಮ್ಮದು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಹೈಸ್ಕೂಲಿಂದ ಕೂರಿಸಿ ಕೂರಿಸಿ ಕಲಿಸಿದ್ದೀವಲ್ಲ, ಪಾಪ ಅದನ್ನೇ ಬರೆದಿದ್ದಾಳೆ. ಪೀಠಿಕೆಗೆ ಒಬ್ಬ ಮಹಾಪುರುಷರ ಮಾತು, ಉಪಸಂಹಾರಕ್ಕೆ ದೇಶಸೇವೆ. ನಮ್ಮಲ್ಲಿ ಅದಕ್ಕೆ ಐದಕ್ಕೆ ಐದು ಕೊಟ್ಟಿರ್ತೀವಿ. ಅಲ್ಲಿ ಓದೋರಿಗೆ ಬೇಕಾಗಿರೋದು ಹುಡುಗಿ ಹೇಗೆ ಯೋಚನೆ ಮಾಡ್ತಾಳೆ ಅನ್ನೋದು.

ಇನ್ನೊಂದು, ಮಾರ್ಕ್ಸ್ ಮಾತು ಎಸ್ಸೆಯಿಂದ ಪೂರ್ತಿ ಕಿತ್ತುಹಾಕಿ. ಮಾರ್ಕ್ಸ್ ಕಾರ್ಡು ಹೇಗೂ ಹೋಗುತ್ತೆ. ಬಹುಮಾನ, ಎನ್‌ಸಿಸಿ, ಭರತನಾಟ್ಯಕ್ಕೆಲ್ಲ ಬೇರೆ ಜಾಗ ಇದೆ, ಹತ್ತು ಚಟುವಟಿಕೆ ಹಾಕಬಹುದು, ಒಂದೊಂದರ ವಿವರಣೆಗೆ 150 ಅಕ್ಷರ. ಅಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದ್ರೆ 650 ಪದ ನೀರಲ್ಲಿ ಹೋಮ. ಶಿಫಾರಸು ಪತ್ರ ಬರೆಯೋ ಮೇಷ್ಟ್ರಿಗೂ ಈಗಲೇ ಹೇಳಿಡಿ. ಪ್ರಿಪರೇಟರಿ ಪರೀಕ್ಷೆ ಹತ್ತಿರ ಬಂದ್ರೆ ನಾವ್ಯಾರೂ ಕೈಗೆ ಸಿಗಲ್ಲ.

ಹಳೇ ಹುಬ್ಬಳ್ಳಿ, ಸದ್ಯ ಅಮೆರಿಕದಲ್ಲಿ ಎರಡನೇ ವರ್ಷ:
ಅಕ್ಕಾರ, ನಂದೂ ಹಿಂಗ ಆಗಿತ್ರಿ. ಮೊದಲ ಒಲಿಂಪಿಯಾಡ್ ಬಗ್ಗೆ ಬರದಿದ್ದೆ. ಗೆಳತಿ ಓದಿ, ‘ಇದನ್ನ ಯಾರರೆ ಬರೀಬಹುದಲ್ಲಲೇ’ ಅಂದ್ಲು. ಸಿಟ್ಟು ಬಂತು. ಆದ್ರ ಖರೇನ ಇತ್ತು.

ಕಡೀಕ ಬರದದ್ದು ಉದ್ರಿ ಪುಸ್ತಕದ ಮ್ಯಾಲೆ. ನಮ್ಮಪ್ಪಂದು ಕಿರಾಣಿ ಅಂಗಡಿ. ಹತ್ತನೇತ್ತೆ ಮುಗದ ಸೂಟಿಯೊಳಗ ಎಲ್ಲಾ ಉದ್ರಿ ಲೆಕ್ಕ ಕಂಪ್ಯೂಟರಿಗೆ ಹಾಕಿ, ಹೆಸರು ಅಕಾರಾದಿ ಜೋಡಿಸಿ, ಭಾಳ ದೊಡ್ಡ ಕೆಲಸ ಮಾಡೀನಿ ಅಂತ ಪ್ರಿಂಟ್ ತಗದು ಕೊಟ್ಟೆ. ಅಪ್ಪಗ ಅದರಾಗ ಒಬ್ಬರೂ ಸಿಗವಲ್ರು! ಯಾಕಂದ್ರ ಅವರ ಪುಸ್ತಕದಾಗ ಹಾಳಿ ಇದ್ದದ್ದು ಓಣಿ ಪ್ರಕಾರ. ಮೂಲಿ ಮನಿ, ಅದರ ಬಾಜೂಕ ಗಿರಣಿ ಅಜ್ಜ, ಎದುರಿಗೆ ಹಸರ ಬಾಗಲದವರು. ಅವರು ಮನಸಿನಾಗ ಓಣ್ಯಾಗ ನಡಕೋತ ಹೋಗಿ ಹಾಳಿ ತಗೀತಿದ್ರು. ಗಿರಣಿ ಅಜ್ಜನ ಖರೇ ಹೆಸರು ಅಪ್ಪಗ ಗೊತ್ತ ಇರಲಿಲ್ಲ, ನಾ ಹೋಗಿ ಕೇಳಿ ಹಾಕಿದ್ದೆ. ಅದ ಎಡವಟ್ಟಾಗಿತ್ತು. ಆಮ್ಯಾಲೆ ಓಣಿ ನಕ್ಷೆ ಬರದು, ಮನಿ ಪ್ರಕಾರ ಮತ್ತ ಎಲ್ಲಾ ಜೋಡಿಸಿದೆ. ಇಷ್ಟ ನೋಡ್ರಿ ಎಸ್ಸೆ. ‘ನನಗ ಕಂಪ್ಯೂಟರ್ ಸೈನ್ಸ್ ಇಷ್ಟ’ ಅಂತ ಒಂದು ಸಾಲೂ ಬರೀಲಿಲ್ಲ.

ನನಗ ಉಪಯೋಗ ಆದ ಒಂದು ಉಪಾಯ ಹೇಳತೀನಿ. ಇಂಗ್ಲಿಷಿನಾಗ ವಿಚಾರ ಮಾಡಾಕ ಕುಂತ್ರ ಬರೇ ‘ಪ್ಯಾಶನ್’, ‘ಲೀಡರ್‌ಶಿಪ್’ ಅಂತ ಬರತಿತ್ತು. ಹಂಗಾಗಿ ನಮ್ಮ ಚಿಗವ್ವಗ ಫೋನ್ ಹಚ್ಚಿ, ಕನ್ನಡದಾಗ ಕಥಿ ಹೇಳಿದಂಗ ಹೇಳಿ, ರೆಕಾರ್ಡ್ ಮಾಡಿಕೊಂಡೆ. ಆಕಿ ಎಲ್ಲೆಲ್ಲಿ ನಕ್ಕಿದ್ಲೊ ಅದನ್ನ ಇಟ್ಟೆ, ಎಲ್ಲಿ ‘ಹೂಂ, ಹೂಂ’ ಅಂದಿದ್ಲೊ ಅದನ್ನ ತಗದೆ. ‘ಉದ್ರಿ’ ಅನ್ನೂ ಶಬ್ದ ಹಂಗ ಇಟ್ಟು, ಒಂದ ಸಾಲಿನಾಗ ಬಿಡಿಸಿ ಹೇಳಿದೆ. ಹನ್ನೊಂದು ಸಲ ತಿದ್ದೀನ್ರಿ.

ನಾಕು ಕಡೆ ಇಲ್ಲ ಅಂದ್ರು, ಒಂದ ಕಡೆ ಸ್ಕಾಲರ್‌ಶಿಪ್ ಕೊಟ್ಟು ಕರದ್ರು. ಎಸ್ಸೆಯಿಂದನ ಆತು ಅಂತ ಎದಿ ತಟ್ಟಿ ಹೇಳಾಕ ಆಗೂದಿಲ್ಲ.

ಹಾಂ, ಯುಸಿ, ಅಂದ್ರ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕಾಲೇಜಿಗೆ ಹಾಕೂದಿದ್ರ ಈ ಎಸ್ಸೆ ನಡಿಯೂದಿಲ್ಲ. ಅವರದ ಬ್ಯಾರೆ ಫಾರಂ, ಎಂಟು ಪ್ರಶ್ನೆದಾಗ ನಾಕು ಆರಿಸಿ, ಒಂದೊಂದಕ್ಕ 350 ಪದದೊಳಗ ಬರೀಬೇಕು. ಎಂಐಟಿದೂ ಬ್ಯಾರೇನ.

ಅದಿರ್ಲಿ, ಆ ಅಲಾರಂ ಈಗ ನಿಮ್ಮ ಮನ್ಯಾಗ ನಡದೈತೇನ್ರಿ?

ಮೈಸೂರು, ಒಬ್ಬ ತಂದೆ:
ಕನ್ಸಲ್ಟೆಂಟ್ ವಿಷಯಕ್ಕೆ ಮಾತ್ರ ನನ್ನ ಎರಡು ಮಾತು. ನಾವು ದುಡ್ಡು ಕೊಟ್ವಿ. ಬಂದ ಎಸ್ಸೆ ಏನು ಚೆಂದ ಅಂತೀರಿ, ನನಗೇ ಕಣ್ಣೀರು ಬಂತು. ಇಂಟರ್‌ವ್ಯೂನಲ್ಲಿ ಅವರು ಎಸ್ಸೆಯ ಒಂದು ವಾಕ್ಯ ಎತ್ತಿ, ‘ಇದನ್ನ ಸ್ವಲ್ಪ ವಿವರಿಸಪ್ಪ’ ಅಂದಾಗ ನನ್ನ ಮಗ ಬೆಬ್ಬೆಬ್ಬೆ ಅಂದ. ಅವನಿಗೆ ಆ ಪದದ ಅರ್ಥಾನೇ ಗೊತ್ತಿರಲಿಲ್ಲ. ಅಲ್ಲಿಗೆ ಮುಗೀತು. ಫಾರಂ ಕೊನೇಲಿ ‘ಇದು ನನ್ನದೇ ಬರಹ’ ಅಂತ ಮಗುನೇ ಸಹಿ ಹಾಕ್ಬೇಕು. ಎಐ ಬರೆದುಕೊಟ್ಟಿದ್ದನ್ನ ತನ್ನದು ಅಂತ ಕೊಡೋದನ್ನೂ ಕಾಮನ್ ಆ್ಯಪ್‌ನವರು 2023ರಿಂದ ವಂಚನೆ ಪಟ್ಟಿಗೇ ಸೇರಿಸಿದ್ದಾರೆ. ಕಾಗುಣಿತ ತಿದ್ದೋಕೆ ಯಾರ ಹತ್ರ ಬೇಕಾದ್ರೂ ಕೊಡಿ, ಅದಕ್ಕೆ 60 ಸಾವಿರ ಬೇಡ.

ಮಂಗಳೂರು, ಲಂಡನ್‌ನಲ್ಲಿ ಓದಿದವರು:
ಜೊತೆಗೆ ಇಂಗ್ಲೆಂಡಿಗೂ ಅರ್ಜಿ ಹಾಕುವ ಯೋಚನೆ ಇದ್ದರೆ ಮಾತ್ರ ಇದನ್ನು ಓದಿ. ಮೇಲೆ ಹೇಳಿದ ಉದ್ರಿ ಕಥೆ ಚೆಂದ ಉಂಟು, ಆದರೆ ಅಲ್ಲಿ ಅಷ್ಟು ಹೊತ್ತು ಕಥೆ ಕೇಳುವುದಿಲ್ಲ. ಅಲ್ಲಿಯ ಕಾಲೇಜುಗಳಿಗೆ ಅರ್ಜಿ ಹೋಗುವುದು ಯುಕಾಸ್ ಎಂಬ ಸಂಸ್ಥೆಯ ಮೂಲಕ. 2026ರ ಪ್ರವೇಶದಿಂದ ಅವರು ಎಸ್ಸೆಯನ್ನು ಮೂರು ಪ್ರಶ್ನೆ ಮಾಡಿದ್ದಾರೆ: ಈ ವಿಷಯ ಯಾಕೆ, ಓದು ನಿಮ್ಮನ್ನು ಅದಕ್ಕೆ ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಟ್ಟು 4000 ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ ಉಂಟು. ಮುಕ್ಕಾಲು ಪಾಲು ವಿಷಯದ ಬಗ್ಗೆಯೇ ಇರಲಿ. ಅಮೆರಿಕದ್ದನ್ನು ತಂದು ಇಲ್ಲಿ ಅಂಟಿಸಿದರೆ ಆಗುವುದಿಲ್ಲ, ನಾನು ಹಾಗೆ ಮಾಡಿ ಒಂದು ವರ್ಷ ಕಳೆದುಕೊಂಡೆ.

ಶಿವಮೊಗ್ಗದಿಂದ:
ಕಷ್ಟದ ಕಥೆ ಬರೆದ್ರೆ ಬೇಗ ಸೀಟು ಸಿಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ. ನನ್ನ ತಂಗಿ ಕೈಲಿ ನಾವೆಲ್ಲ ಸೇರಿ ಅಪ್ಪನ ಕಾಯಿಲೆ ಬಗ್ಗೆ ಬರೆಸಿದ್ವಿ. ಬರೆಯುವಾಗ ದಿನಾ ಅಳೋಳು. ಕೊನೆಗೆ ಅದನ್ನ ಬಿಟ್ಟು, ಮನೆಯಲ್ಲಿ ಎಲ್ಲರ ಮಾತ್ರೆ ಡಬ್ಬಿಗೆ ಅವಳೇ ಹಾಕಿದ್ದ ಬಣ್ಣದ ಗುರುತಿನ ಬಗ್ಗೆ ಬರೆದ್ಲು, ಅದೇ ಚೆನ್ನಾಗಿ ಬಂತು. ನಿಜವಾದ ತೊಂದರೆ ಇದ್ದು ಓದಿಗೆ ಪೆಟ್ಟಾಗಿದ್ರೆ, ಅದನ್ನ ಹೇಳ್ಕೊಳ್ಳೋಕೆ ಫಾರಂನಲ್ಲೇ ಬೇರೆ ಜಾಗ ಇದೆ, 250 ಪದ.

ದಾವಣಗೆರೆಯ ತಾಯಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿಯವರು ಕೇಳಿದ ಪ್ರಶ್ನೆ ಓದಿ ನನಗೆ ನಗು ತಡ್ಕೊಳ್ಳೋಕೆ ಆಗ್ಲಿಲ್ಲ. ಅಲಾರಂ ನಡೀತಿಲ್ಲ! ಹಾಕಿದ ಮೂರನೇ ದಿನಕ್ಕೇ ನಮ್ಮತ್ತೆ ವೈರು ಕಿತ್ತು ಅಟ್ಟಕ್ಕೆ ಹಾಕಿದ್ರು. ನಸುಕಿನಲ್ಲಿ ನಲ್ಲಿ ನೀರು ಬರುತ್ತೆ, ಮೋಟಾರ್ ಹಾಕಿದ್ರೆ ಅದು ಕೂಗಿ ಇಡೀ ಬೀದಿ ಎಬ್ಬಿಸ್ತಿತ್ತು. ಅತ್ತೆಗೆ ಅದು ಬೇಕಾಗೂ ಇರಲಿಲ್ಲ, ಪೈಪಿನಲ್ಲಿ ನೀರು ಬೀಳೋ ಸದ್ದು ಕೇಳೇ ಟ್ಯಾಂಕು ಎಷ್ಟು ತುಂಬಿದೆ ಅಂತ ಹೇಳ್ತಾರೆ. ನಿನ್ನೆ ರಾತ್ರಿ ಚಪಾತಿ ಲಟ್ಟಿಸ್ತಾ ಮಗಳಿಗೆ ಇದನ್ನೇ ಹೇಳು ಅಂದೆ. ಮುಕ್ಕಾಲು ಗಂಟೆ ಮಾತಾಡಿದ್ಲು. ಬಹುಮಾನ ಬಂದ ಮೇಲೆ ಅವಳು ಅಜ್ಜಿ ಜೊತೆ ಟೆರೇಸ್ ಮೇಲೆ ಕೂತು ಆ ಸದ್ದು ಕಲಿಯೋಕೆ ನೋಡಿದ್ದಳಂತೆ, ನನಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಎದ್ದು ಬರೆದಿದ್ದಾಳೆ. ಆದ್ರೆ 900 ಪದ ಆಗಿದೆ. ‘ಗುಳುಗುಳು’ಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ಬೇರೆ ಕೇಳ್ತಿದ್ದಾಳೆ.

ತುಮಕೂರು, ಪಿಯು ಇಂಗ್ಲಿಷ್ ಲೆಕ್ಚರರ್:
‘ಗುಳುಗುಳು’ ಹಾಗೇ ಇರಲಿ ಮೇಡಂ. ಮೊದಲ ಪ್ಯಾರಾ ತೆಗೆದು ಓದಿ ನೋಡಿ, ನೂರೈವತ್ತು ಪದ ಅಲ್ಲೇ ಹೋಗುತ್ತೆ. ಕಲಾಂ ಇನ್ನೂ ಇದ್ದಾರಾ?

ದಾವಣಗೆರೆಯ ತಾಯಿ:
ಇದ್ದಾರೆ ಸರ್. ಈಗ ಕೊನೇ ಪ್ಯಾರಾಕ್ಕೆ ಬಂದಿದ್ದಾರೆ.